ಶಿರಸಿಯ ಹಳೇ ಕಂಪ್ಯೂಟರಿನೊಳಗೆ ಸಿಕ್ಕಿಬಿದ್ದ ಕನ್ನಡ

ಅಮ್ಮ ಹಾಡು ಬರೆದಿಟ್ಟುಕೊಂಡಿದ್ದ ಪಟ್ಟಿಗಳು ಎರಡಿದ್ದವು. ಒಂದನ್ನು ಒರಲೆ ತಿಂದಿತು. ಇನ್ನೊಂದನ್ನು ಯಾರೋ ನೆಂಟರು ಮದುವೆ ಮನೆಗೆಂದು ಒಯ್ದವರು ತಿರುಗಿ ಕೊಡಲಿಲ್ಲ. ಆದರೂ ನಮಗೆ ಚಿಂತೆ ಇರಲಿಲ್ಲ. 2004ರಲ್ಲೇ ಎರಡನ್ನೂ ಶಿರಸಿಯ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ ಸಿ.ಡಿ.ಗೆ ಹಾಕಿಸಿಟ್ಟಿದ್ದೆವು. ಎಣ್ಣೆ ಹಚ್ಚುವ ಹಾಡು, ಹಸೆಗೆ ಕರೆಯುವ ಹಾಡು, ಹೆಣ್ಣು ಒಪ್ಪಿಸಿಕೊಡುವ ಹಾಡು, ಆರತಿ ಹಾಡು ಎಲ್ಲ ಸೇರಿ 93. ಪುಸ್ತಕ ಮಾಡಬೇಕು ಅಂತಿತ್ತು. ಆ ವರ್ಷ ನಮ್ಮ ತೋಟಕ್ಕೆ ಕೊಳೆ ಬಂದು ಅಡಿಕೆ ಹೋಯಿತು, ಅದರ ಜತೆ ಪುಸ್ತಕವೂ ಹೋಯಿತು.

ಅಮ್ಮ ತೀರಿಕೊಂಡು ಈಗ ಮೂರು ವರ್ಷ. ಕಳೆದ ಮಳೆಗಾಲದಲ್ಲಿ ತಂಗಿಯ ಮಗಳ ಮದುವೆ ನಿಶ್ಚಯ ಆದಾಗ ಅವಳು ಕೇಳಿದ್ದು ಒಂದೇ: 'ಮಾವಾ, ಅಜ್ಜಿ ಹಾಡೆಲ್ಲ ಪ್ರಿಂಟ್ ತೆಗ್ಸಿ ಕೊಡು.' ನಾನು ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ, ಕೊರೋನಾ ಹೊತ್ತಿಗೆ ಊರು ಸೇರಿದವನು. 'ಹತ್ತು ನಿಮಿಷದ ಕೆಲಸ' ಅಂದೆ. ಎರಡೂವರೆ ತಿಂಗಳು ಹಿಡಿಯಿತು.

ಮೊದಲನೆಯದಾಗಿ, ಸಿ.ಡಿ. ಓದಲಿಲ್ಲ. ನಮ್ಮ ಕಡೆ ಮಳೆಗಾಲ ಅಂದರೆ ಚಪ್ಪಲಿಗೂ ಬೂಸ್ಟು, ಫೋಟೋಕ್ಕೂ ಬೂಸ್ಟು. ಇಪ್ಪತ್ತು ಮಳೆಗಾಲ ಕಂಡ ಸಿ.ಡಿ.ಯ ಮೇಲೆ ಅಡಿಕೆ ಸಿಪ್ಪೆಯ ಬಣ್ಣದ ಚುಕ್ಕಿಗಳೆದ್ದಿದ್ದವು. ಹಾಗಾಗಿ ಟೈಪ್ ಮಾಡಿಸಿದ್ದ ಅಂಗಡಿಗೇ ಹೋದೆ. ಈಗಲೂ ಇದೆ, ಆದರೆ ಈಗ ಅಲ್ಲಿ ಆಗೋದು ಫ್ಲೆಕ್ಸು, ಆಧಾರ್ ತಿದ್ದುಪಡಿ, ಪಹಣಿ ಪ್ರಿಂಟು. ಅಂಗಡಿಯ ಯಜಮಾನರು ತಲೆ ಕೆರೆದುಕೊಂಡು, 'ಹಳೇ ಕಂಪ್ಯೂಟರು ಅಟ್ಟದ ಮೇಲೆ ಇದ್ದು. ಶುರು ಆಗ್ತೋ ಇಲ್ಯೋ ಗೊತ್ತಿಲ್ಲೆ' ಅಂದರು. ಶುರು ಆಗಲಿಲ್ಲ. ಸ್ವಿಚ್ ಹಾಕಿದ ಕೂಡಲೇ ಸುಟ್ಟ ವಾಸನೆ ಬಂತು. ಹಾರ್ಡ್‌ಡಿಸ್ಕ್ ಮಾತ್ರ ಬದುಕಿತ್ತು. ಅದನ್ನು ಬಿಚ್ಚಿ ಕೈಗಿಟ್ಟು ಅವರು ಹೇಳಿದ ಮಾತು ನನಗೆ ಆಮೇಲೆ ಬಹಳ ಉಪಯೋಗಕ್ಕೆ ಬಂತು: 'ನಿಮ್ದೆಂತ ಹಳೇದು ಮಾರಾಯ್ರೆ. ಸಿದ್ದಾಪುರ ಬದಿಯ ಒಂದು ಸಂಘದಲ್ಲಿ ಇನ್ನೂ ಡಾಸ್ ಓಡ್ತಾ ಇದ್ದು. ಹೋಗಿ ನೋಡಿ.'

ನೋಡಲು ಹೋದೆ. ಹೋದದ್ದು ಒಳ್ಳೆಯದಾಯಿತು, ಯಾಕೆಂದರೆ ಒಂದು ಸಾಫ್ಟ್‌ವೇರು ತನಗೆ ಹೇಳಿ ಮಾಡಿಸಿದ್ದಲ್ಲದ ಯಂತ್ರದಲ್ಲಿ ಓಡುವುದು ಅಂದರೆ ಏನು ಅನ್ನುವುದು ಅಲ್ಲಿ ಬಿಡಿಸಿ ಬಿಡಿಸಿ ಕಾಣುತ್ತದೆ.

ಅದೊಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ. ಷೇರು, ಬೆಳೆಸಾಲ, ರೇಷನ್ನು, ಅಡಿಕೆ ವಹಿವಾಟು ಎಲ್ಲದರ ಲೆಕ್ಕವೂ 1996ರಿಂದ ಫಾಕ್ಸ್‌ಪ್ರೋ ಎಂಬ ತಂತ್ರಾಂಶದಲ್ಲಿ ಬರೆಸಿದ ಒಂದು ಪ್ರೋಗ್ರಾಮಿನಲ್ಲಿತ್ತು. ನೀಲಿ ಪರದೆ, ಬಿಳಿ ಅಕ್ಷರ, ಮೌಸ್ ಬೇಡ. ಚಾಲಿ, ರಾಶಿ, ಬೆಟ್ಟೆ, ಬಿಳೆಗೋಟು ಒಂದೊಂದಕ್ಕೂ ಒಂದೊಂದು ಅಂಕಿ. ಅಲ್ಲಿನ ಗುಮಾಸ್ತರು ಪರದೆ ನೋಡದೆ ಬಿಲ್ ಹೊಡೆಯುತ್ತಿದ್ದರು. ಹಳೇ ಕಂಪ್ಯೂಟರ್ ಸಿಡಿಲಿಗೆ ಹೋಗಿ ಹೊಸದು ತಂದರು. ಪ್ರೋಗ್ರಾಮ್ ಕಾಪಿ ಮಾಡಿ ಕ್ಲಿಕ್ ಮಾಡಿದರೆ, 'ಈ ಆಪ್ ನಿಮ್ಮ ಪಿ.ಸಿ.ಯಲ್ಲಿ ಓಡುವುದಿಲ್ಲ' ಎಂಬ ಒಂದೇ ಉತ್ತರ.

ಯಾಕೆ ಓಡೋದಿಲ್ಲ? ಡಾಸ್ ಕಾಲದ ಪ್ರೋಗ್ರಾಮುಗಳು ಹದಿನಾರು ಬಿಟ್ಟಿನವು. ಮೂವತ್ತೆರಡು ಬಿಟ್ಟಿನ ವಿಂಡೋಸ್ ಇರುವವರೆಗೆ ಅವುಗಳಿಗೆಂದೇ ಒಂದು ಕೋಣೆ ಇತ್ತು. ಪ್ರೊಸೆಸರು ತನ್ನೊಳಗೇ ಒಂದು ಹಳೇ ಪ್ರೊಸೆಸರಿನ ಹಾಗೆ ನಡೆದುಕೊಳ್ಳುವ ವ್ಯವಸ್ಥೆ ಅದು. ಅರವತ್ನಾಲ್ಕು ಬಿಟ್ಟಿನ ಸ್ಥಿತಿಗೆ ಹೋದ ಪ್ರೊಸೆಸರಿಗೆ ಆ ವೇಷ ಹಾಕಲು ಬರುವುದಿಲ್ಲ, ವಿಂಡೋಸ್ ಕೂಡ ಆ ಕೋಣೆಯನ್ನು ಕಿತ್ತುಹಾಕಿತು. ವಿಂಡೋಸ್ 10ಕ್ಕೆ ಮೂವತ್ತೆರಡು ಬಿಟ್ಟಿನ ರೂಪ ಇತ್ತು, 11ಕ್ಕೆ ಇಲ್ಲ. ಆ 10ಕ್ಕೂ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿದೆ.

ಇನ್ನೊಂದು ತಮಾಷೆಯ ಕಾಯಿಲೆಯೂ ಉಂಟು. ಹಳೇ ಪ್ರೋಗ್ರಾಮುಗಳಲ್ಲಿ ಕೆಲವು, ಯಂತ್ರ ಹೆಚ್ಚು ವೇಗವಾಗಿದೆ ಅಂತಲೇ ಸಾಯುತ್ತವೆ. ಟರ್ಬೋ ಪ್ಯಾಸ್ಕಲ್‌ನಲ್ಲಿ ಬರೆದ ಎಷ್ಟೋ ಪ್ರೋಗ್ರಾಮುಗಳು ಶುರುವಾಗುವಾಗ, ಸುಮಾರು 55 ಮಿಲಿಸೆಕೆಂಡಿನ ಒಂದು ಟಿಕ್ಕಿನಲ್ಲಿ ತಾನು ಎಷ್ಟು ಸುತ್ತು ಎಣಿಸಬಲ್ಲೆ ಅಂತ ನೋಡಿ, ಅದನ್ನು ಭಾಗಿಸಿ, ಉತ್ತರವನ್ನು ಹದಿನಾರು ಬಿಟ್ಟಿನ ಡಬ್ಬಿಯಲ್ಲಿ ಇಡುತ್ತಿದ್ದವು. ಆ ಡಬ್ಬಿಯಲ್ಲಿ ಹಿಡಿಯುವುದು 65,535ರವರೆಗೆ. ಪೆಂಟಿಯಂ 2ರ ಕಾಲಕ್ಕೆ ಯಂತ್ರ ಎಷ್ಟು ವೇಗವಾಯಿತೆಂದರೆ ಉತ್ತರ ಡಬ್ಬಿ ತುಂಬಿ ಹೊರಚೆಲ್ಲಿತು. ಪ್ರೋಗ್ರಾಮು 'ದೋಷ ಸಂಖ್ಯೆ 200, ಸೊನ್ನೆಯಿಂದ ಭಾಗಿಸಿದ್ದೀರಿ' ಎಂದು ಗೋಳಾಡಿ ಮಲಗಿತು. ಸೊನ್ನೆಯಿಂದ ಯಾರೂ ಭಾಗಿಸಿರಲಿಲ್ಲ! ಬರೆದವನಿಗೆ ಮುಂದೆ ಇಷ್ಟು ಓಡುವ ಯಂತ್ರ ಬರುತ್ತದೆ ಅನ್ನಿಸಿರಲಿಲ್ಲ, ಅಷ್ಟೆ.

ಇಂಥವನ್ನು ಓಡಿಸಲು ಮೂರು ದಾರಿ. ನಮ್ಮ ಕಡೆಯವರಿಗೆ ಯಕ್ಷಗಾನದ ಭಾಷೆಯಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಒಂದು, ಎಮ್ಯುಲೇಟರ್. ಇದು ಪೂರ್ತಿ ವೇಷ. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ತಲೆಯಿಂದ ಕಾಲಿನವರೆಗೆ ಹಳೇ ಕಂಪ್ಯೂಟರಿನ ವೇಷ ಕಟ್ಟುತ್ತದೆ. ಹಳೇ ಪ್ರೊಸೆಸರು, ಹಳೇ ಸೌಂಡ್ ಕಾರ್ಡು, ಬೇಕಾದರೆ ಹಳೇ ನಿಧಾನವನ್ನೂ ನಟಿಸುತ್ತದೆ. ಎರಡು, ವರ್ಚುವಲ್ ಯಂತ್ರ. ಇಲ್ಲಿ ಪ್ರೊಸೆಸರು ನಿಮ್ಮ ಅಸಲಿಯದ್ದೇ, ಉಳಿದ ಡಿಸ್ಕು, ಪರದೆ, ನೆಟ್‌ವರ್ಕು ಎಲ್ಲ ವೇಷ; ಅದರೊಳಗೆ ಹಳೇ ವಿಂಡೋಸನ್ನು ಇಡಿಯಾಗಿ ಕೂರಿಸುವುದು. ಮೂರು, ವೈನ್. 1993ರಿಂದ ನಡೆದು ಬಂದಿರುವ ಈ ಯೋಜನೆ ಒಂಥರಾ ತಾಳಮದ್ದಳೆ: ವೇಷ ಇಲ್ಲ, ಬಣ್ಣ ಇಲ್ಲ, ಅರ್ಥಗಾರಿಕೆ ಮಾತ್ರ. ವಿಂಡೋಸ್‌ಗೆಂದು ಬರೆದ ಪ್ರೋಗ್ರಾಮು 'ಒಂದು ಕಿಟಕಿ ತೆರೆ, ಈ ಫೈಲ್ ಓದು' ಅಂತ ವಿಂಡೋಸನ್ನು ಕೇಳಿದಾಗ, ವೈನ್ ಅದೇ ಮಾತನ್ನು ಲಿನಕ್ಸ್‌ಗೆ ಅರ್ಥವಾಗುವ ಹಾಗೆ ಹೇಳುತ್ತದೆ.

ಸಿದ್ದಾಪುರ ಬದಿಯ ಸಂಘದಲ್ಲಿ ಮಾಡಿದ್ದು ಮೊದಲನೆಯದ್ದು. ಯಾರೋ ಹುಡುಗ ಬಂದು ಡಾಸ್‌ಬಾಕ್ಸ್ ಹಾಕಿಕೊಟ್ಟಿದ್ದ. ಬಿಲ್ ಬರುತ್ತಿತ್ತು, ಪ್ರಿಂಟು ಬರುತ್ತಿರಲಿಲ್ಲ. ಹಳೇ ಪ್ರೋಗ್ರಾಮಿಗೆ ಗೊತ್ತಿರುವುದು ಎಲ್‌ಪಿಟಿ1 ಎಂಬ ಒಂದೇ ಪ್ರಿಂಟರ್ ಬಾಗಿಲು, ಹೊಸ ಯಂತ್ರಕ್ಕೆ ಆ ಬಾಗಿಲೇ ಇಲ್ಲ. ಡಾಸ್‌ಬಾಕ್ಸನ್ನು ಮಾಡಿದವರ ಮನಸ್ಸಿನಲ್ಲಿದ್ದದ್ದು ಹಳೇ ಆಟಗಳು, ಅಡಿಕೆ ಬಿಲ್ಲಲ್ಲ. ಕಡೆಗೆ ಪ್ರಿಂಟರಿಗೆ ಹೋಗಬೇಕಾದದ್ದನ್ನು ಒಂದು ಫೈಲಿಗೆ ಬರೆಸಿ, ಆ ಫೈಲನ್ನು ವಿಂಡೋಸ್ ಕಡೆಯಿಂದ ಡಾಟ್ ಮ್ಯಾಟ್ರಿಕ್ಸಿಗೆ ಕಳಿಸುವ ಉಪಾಯ ಮಾಡಿದ್ದಾರೆ. ಒಂದು ಬಿಲ್ಲಿಗೆ ಎರಡು ಸಲ ಎಂಟರ್ ಒತ್ತಬೇಕು. ಗುಮಾಸ್ತರಿಗೆ ಅದೇ ಒಂದು ದೊಡ್ಡ ದೂರು.

ಈ ಸರ್ಕಸ್ ಎಲ್ಲ ಯಾಕೆ, ಹೊಸ ಸಾಫ್ಟ್‌ವೇರ್ ಬಂದಿಲ್ಲವಾ ಅಂತ ಕೇಳಬಹುದು. ಬಂದಿದೆ. ದೇಶದ 63,000 ಪತ್ತಿನ ಸಂಘಗಳನ್ನು ಗಣಕೀಕರಣ ಮಾಡಿ ಒಂದೇ ರಾಷ್ಟ್ರೀಯ ತಂತ್ರಾಂಶದಡಿ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಈ ಸಂಘದವರು ಹೊಸದಕ್ಕೆ ದಾಟಿಸಿದ್ದು ಸದಸ್ಯರ ಬಾಕಿಗಳನ್ನು ಮಾತ್ರ. ಹಿಂದಿನ ಇಪ್ಪತ್ತೈದು ಚಿಲ್ಲರೆ ವರ್ಷದ ವಹಿವಾಟು ಹಳೇದರಲ್ಲೇ ಉಳಿಯಿತು. ಅಪ್ಪ ತೀರಿಕೊಂಡ ಮೇಲೆ ಮಕ್ಕಳು ಹಿಸ್ಸೆ ಮಾಡಿಕೊಳ್ಳುವಾಗ '2001ರಲ್ಲಿ ತೆಗೆದ ಸಾಲ ತೀರಿದ್ದಕ್ಕೆ ದಾಖಲೆ ಕೊಡಿ' ಅಂತ ಬಂದರೆ, ಗುಮಾಸ್ತರು ನೀಲಿ ಪರದೆಗೇ ಹೋಗಬೇಕು.

ನಾನು ಒಂದು ಮಧ್ಯಾಹ್ನ ಅಲ್ಲಿ ಕೂತು ಆ ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು, ಅವರೆದುರಿಗೇ ಲಿಬ್ರೆಆಫೀಸ್‌ನಲ್ಲಿ ತೆರೆದೆ. ತೆರೆಯಿತು. ಫಾಕ್ಸ್‌ಪ್ರೋದ ಡಿಬಿಎಫ್ ಕಡತಗಳ ಒಳರಚನೆ ಎಲ್ಲರಿಗೂ ಗೊತ್ತಿರುವಂಥದ್ದು. ಹೆಸರು, ಷೇರು ಸಂಖ್ಯೆ, ತಾರೀಕು, ಮೊತ್ತ ಎಲ್ಲ ಸಾಲು ಸಾಲಾಗಿ ಬಂದು ಕೂತವು. ಡಾಸ್ ಬೇಡ, ವೇಷ ಬೇಡ. ಗುಮಾಸ್ತರು, 'ಹಾಂಗಾರೆ ಇಷ್ಟು ದಿನ ಎರಡೆರಡು ಸಲ ಎಂಟರ್ ಹೊಡದದ್ದು ಎಂತಕ್ಕೆ?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದು ಅಷ್ಟು ಸುಲಭವಾದದ್ದಕ್ಕೆ ಕಾರಣ ವಾಪಸು ಬರುವಾಗ ಬಸ್ಸಿನಲ್ಲಿ ಹೊಳೆಯಿತು. ಆ ಕಡತದಲ್ಲಿದ್ದ ಹೆಗಡೆ, ಭಟ್ಟ, ನಾಯ್ಕ, ಗೌಡ, ಸಿದ್ದಿ ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲಿದ್ದರು. ಅವತ್ತು ಕನ್ನಡದಲ್ಲಿ ಹಾಕಿಸಲು ಆಗಲಿಲ್ಲ ಅಂತ ಸಂಘದವರಿಗೆ ಬೇಜಾರಿತ್ತಂತೆ. ಇಂಗ್ಲಿಷಿನಲ್ಲಿ ಬರೆದ 1996ರ ಲೆಕ್ಕ ಒಂದು ಕ್ಲಿಕ್ಕಿಗೆ ತೆರೆಯಿತು. ಕನ್ನಡದಲ್ಲಿ ಟೈಪ್ ಮಾಡಿಸಿದ 2004ರ ಹಾಡು ಡಿಸ್ಕಿನ ಒಳಗೆ ಕೂತಿತ್ತು.

ಆ ಡಿಸ್ಕಿಗೆ ಬರೋಣ. 40 ಜಿ.ಬಿ.ಯದ್ದು. ಅದನ್ನು ಒಂದು ಅಡಾಪ್ಟರಿನಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಪ್ರತಿ ಬಿಟ್ಟನ್ನೂ ಇದ್ದ ಹಾಗೇ ಒಂದು ದೊಡ್ಡ ಫೈಲಾಗಿ ನಕಲು ಮಾಡಿಕೊಂಡೆ. ಹಳೇ ಡಿಸ್ಕಿನ ಜತೆ ಆಟ ಆಡಬಾರದು, ಆಡುವುದೇನಿದ್ದರೂ ನಕಲಿನ ಜತೆ. ಮಧ್ಯೆ ಎರಡು ಸಲ ಕರೆಂಟು ಹೋಯಿತು. ಆ ನಕಲನ್ನು ವರ್ಚುವಲ್‌ಬಾಕ್ಸ್ ಎಂಬ ಉಚಿತ ವರ್ಚುವಲ್ ಯಂತ್ರಕ್ಕೆ ಡಿಸ್ಕಾಗಿ ಕೊಟ್ಟೆ. ವಿಂಡೋಸ್ ಎಕ್ಸ್‌ಪಿಯ ಲಾಂಛನ ಬಂತು, ಮರುಕ್ಷಣ ನೀಲಿ ಪರದೆ. ಅಟ್ಟದ ಕಂಪ್ಯೂಟರಿನಲ್ಲಿದ್ದ ಡಿಸ್ಕ್ ನಿಯಂತ್ರಕವೇ ಬೇರೆ, ವರ್ಚುವಲ್ ಯಂತ್ರ ಹಾಕಿಕೊಂಡ ವೇಷವೇ ಬೇರೆ. ಎಕ್ಸ್‌ಪಿಗೆ ತನ್ನ ಡಿಸ್ಕು ಎಲ್ಲಿದೆ ಅಂತಲೇ ತಿಳಿಯಲಿಲ್ಲ. ಸೆಟ್ಟಿಂಗಿನಲ್ಲಿ ಹಳೇ ಮಾದರಿಯ ಐಡಿಇ ನಿಯಂತ್ರಕ ಆರಿಸಿದ ಮೇಲೆ ಹಸಿರು ಗುಡ್ಡ, ನೀಲಿ ಆಕಾಶ. ಇಪ್ಪತ್ತು ವರ್ಷದ ಹಿಂದಿನ ಒಂದು ಸಂಜೆ ಯಾರೋ ಹಾಗೇ ಬಿಟ್ಟು ಎದ್ದುಹೋದ ಟೇಬಲ್ ಕಂಡ ಹಾಗಾಯಿತು. ಅರ್ಧ ಮುಗಿದ ಲಗ್ನಪತ್ರಿಕೆಗಳು, ಮಾರಿಕಾಂಬಾ ಜಾತ್ರೆಯ ಕರಪತ್ರ, ಯಾವುದೋ ಹೈಸ್ಕೂಲಿನ ಸ್ಮರಣ ಸಂಚಿಕೆ. ಅವುಗಳ ನಡುವೆ 'ಹಾಡು' ಎಂಬ ಫೋಲ್ಡರು. (ಇಂಥ ಹಳೇ ಎಕ್ಸ್‌ಪಿಯನ್ನು ಇಂಟರ್ನೆಟ್ಟಿಗೆ ಮಾತ್ರ ಜೋಡಿಸಬೇಡಿ. ಅದಕ್ಕೆ ಬೆಂಬಲ ನಿಂತದ್ದು 2014ರ ಏಪ್ರಿಲ್‌ನಲ್ಲಿ, ಅದರ ಬಾಗಿಲುಗಳಿಗೆ ಚಿಲಕವೇ ಇಲ್ಲ.)

ಫೈಲು ಪೇಜ್‌ಮೇಕರ್ 7ರದ್ದು. 2001ರಲ್ಲಿ ಬಂದ ಈ ತಂತ್ರಾಂಶವನ್ನು ಅಡೋಬಿ ಮುಂದೆ ಬೆಳೆಸದೆ ಕೈಬಿಟ್ಟು ಇಪ್ಪತ್ತು ವರ್ಷವಾದರೂ ನಮ್ಮ ಊರುಗಳಲ್ಲಿ ಅದನ್ನೇ ಹಿಡಿದುಕೊಂಡವರು ಇದ್ದಾರೆ. ಎಷ್ಟು ಅಂಗಡಿಗಳಲ್ಲಿ ಅದನ್ನು ದುಡ್ಡು ಕೊಟ್ಟು ತಂದದ್ದು ಅಂತ ಕೇಳಬೇಡಿ. ಎಕ್ಸ್‌ಪಿಯೊಳಗೆ ಹಾಡು ಚೆಂದವಾಗಿ ತೆರೆಯಿತು, ಸುತ್ತ ಬಳ್ಳಿಯ ಅಂಚು ಬೇರೆ. ನನ್ನ ಕೆಲಸ ಮುಗಿಯಿತು ಅಂದುಕೊಂಡು, ಅಲ್ಲಿಂದ ನಕಲು ಮಾಡಿ ನನ್ನ ಲ್ಯಾಪ್‌ಟಾಪಿನಲ್ಲಿ ಅಂಟಿಸಿದೆ. ಹಾಡಿಲ್ಲ. ಬರೀ ಕಸ.

ಈ ಕಸವೇ ನಮ್ಮ ಕನ್ನಡದ ಒಂದು ಕಾಲದ ಕತೆ. ಕಂಪ್ಯೂಟರಿಗೆ ಕನ್ನಡ ಬಾರದಿದ್ದ ದಿನಗಳಲ್ಲಿ ಕನ್ನಡಿಗರು ಮಾಡಿದ ಜಾಣ ಉಪಾಯ ಏನೆಂದರೆ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗಿದ್ದ ಇನ್ನೂರು ಚಿಲ್ಲರೆ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದು. ಕಂಪ್ಯೂಟರು ತಾನು ಇಂಗ್ಲಿಷ್ ಬರೆಯುತ್ತಿದ್ದೇನೆ ಎಂದೇ ತಿಳಿಯುತ್ತದೆ; ಫಾಂಟು ಅದಕ್ಕೆ ಗೊತ್ತಾಗದ ಹಾಗೆ ಕನ್ನಡದ ಚಿತ್ರ ತೋರಿಸುತ್ತದೆ. ನುಡಿಯ ಸಂಕೇತದಲ್ಲಿ 'ಶಿರಸಿ' ಎಂದು ಬರೆದರೆ ಕಂಪ್ಯೂಟರಿನ ಒಳಗೆ ಕೂರುವುದು ಇದು: ಮೇಲೆ ಸಣ್ಣಗೆ ಬರೆದ ಎರಡು, ಅಂದರೆ ಗಣಿತದಲ್ಲಿ ವರ್ಗಕ್ಕೆ ಬಳಸುವ ಚಿಹ್ನೆ, ಆಮೇಲೆ ಜಿ, ಆಮೇಲೆ ತಲೆಯ ಮೇಲೆ ಓರೆಗೆರೆ ಹೊತ್ತ ಫ್ರೆಂಚರ ಎ, ಕೊನೆಗೆ ಮೇಲೆ ಸಣ್ಣಗೆ ಬರೆದ ಒಂದು. ಸಿದ್ದಾಪುರ, ಯಲ್ಲಾಪುರ ಎರಡರಲ್ಲೂ 'ಪ' ಇದೆಯಲ್ಲ, ಅದರ ಜಾಗದಲ್ಲಿರುವುದು ಜಪಾನಿನ ಯೆನ್ನಿನ ಚಿಹ್ನೆ. 'ಕನ್ನಡ' ಎಂಬ ಶಬ್ದದ 'ನ' ಬ್ರಿಟನ್ನಿನ ಪೌಂಡು, ಅದರ ಒತ್ತು ಜರ್ಮನ್ನರ ಒಂದು ಅಕ್ಷರ. ಫಾಂಟು ಇರುವವರೆಗೆ ಕನ್ನಡ, ಫಾಂಟು ತೆಗೆದರೆ ವಿದೇಶಿ ವಿನಿಮಯದ ಅಂಗಡಿ.

ಈ ಉಪಾಯವನ್ನು ಕೀಳಾಗಿ ನೋಡುವವನು ನಾನಲ್ಲ. ಕೆ.ಪಿ. ರಾವ್ ಅವರ 'ಸೇಡಿಯಾಪು' ಮತ್ತು ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಹೊರತಂದ 'ಬರಹ', ಆಮೇಲೆ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿ ರಾಜ್ಯ ಸರ್ಕಾರ ಉಚಿತವಾಗಿ ಹಂಚಿದ 'ನುಡಿ' ಇಲ್ಲದಿದ್ದರೆ ಅಮ್ಮನ ಹಾಡು ಟೈಪೇ ಆಗುತ್ತಿರಲಿಲ್ಲ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಮನೆಗಳು 1991ರ ಮೊದಲ ಆವೃತ್ತಿಯಲ್ಲೇ ಸಿಕ್ಕಿದ್ದವು ನಿಜ, ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಯುನಿಕೋಡ್ ಫಾಂಟೂ ಬಂದಿತ್ತು. ಆದರೆ ಪೇಜ್‌ಮೇಕರಿಗೆ ಯುನಿಕೋಡ್ ಗೊತ್ತಿರಲಿಲ್ಲ. ಪುಟ ಕಟ್ಟುವ ಅಡೋಬಿಯ ತಂತ್ರಾಂಶದಲ್ಲಿ ಕನ್ನಡ ನೇರವಾಗಿ ಸರಿಯಾಗಿ ಕೂರುವ ಹೊತ್ತಿಗೆ 2012, ಇನ್‌ಡಿಸೈನ್ ಸಿಎಸ್6 ಬರಬೇಕಾಯಿತು. ಆ ಹತ್ತು ಹನ್ನೆರಡು ವರ್ಷ ಶಿರಸಿಯ ಅಂಗಡಿಯವರು ಬೇರೆ ಏನು ಮಾಡಬೇಕಿತ್ತು?

ಯಲ್ಲಾಪುರದಲ್ಲಿ ನನ್ನ ಸ್ನೇಹಿತನೊಬ್ಬ ಮಾಸ್ತರ. ಶಾಲೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡು, ಹತ್ತು ವರ್ಷದ ಪ್ರಶ್ನೆಪತ್ರಿಕೆ ತೆರೆಯಲೆಂದು ವೈನ್ ಮೂಲಕ ನುಡಿಯನ್ನು ಓಡಿಸಲು ಒಂದು ವಾರ ಗುದ್ದಾಡಿದ್ದ. ಅವನಿಗೆ ಬೇಕಾಗಿದ್ದದ್ದು ನುಡಿ ತಂತ್ರಾಂಶವಲ್ಲ, ನುಡಿಯ ಫಾಂಟ್ ಫೈಲು ಮಾತ್ರ. ಅದನ್ನು ಹಾಕಿದ ಮೇಲೆ ಹಳೇ ವರ್ಡ್ ಫೈಲುಗಳು ಲಿಬ್ರೆಆಫೀಸ್‌ನಲ್ಲೇ ಕನ್ನಡವಾಗಿ ಕಂಡವು. ಓದಲಷ್ಟೇ ಆದರೆ ಅಷ್ಟು ಸಾಕು. ಹುಡುಕಬೇಕು, ಅಕಾರಾದಿ ಜೋಡಿಸಬೇಕು, ಮೊಬೈಲಿಗೆ ಕಳಿಸಬೇಕು ಅಂದರೆ ಯುನಿಕೋಡಿಗೆ ದಾಟಿಸಲೇಬೇಕು.

ದಾಟಿಸುವ ಪರಿವರ್ತಕಗಳಿವೆ. ಬರಹ, ನುಡಿಗಳ ಜತೆಗೇ ಬಂದವು, ಸ್ವಯಂಸೇವಕರು ಬರೆದು ಬಿಟ್ಟಿ ಕೊಟ್ಟವೂ ಇವೆ. ಕೆಲಸ ಬರೀ ಅದರ ಬದಲು ಇದು ಅಂತ ಹಾಕುವುದಲ್ಲ, ಸಾಲು ಬದಲಿಸುವುದೂ ಹೌದು. 'ಧರ್ಮ' ಬರೆಯುವಾಗ ಹಳೇ ಸಂಕೇತದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಕೊನೆಗೆ ಬರುತ್ತದೆ. ಯುನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಹಾಗೆ 'ರ್' ಮೊದಲು, 'ಮ' ಆಮೇಲೆ. 'ಲ್ಲಾ'ದಲ್ಲಿ ದೀರ್ಘ ಮೊದಲು, ಒತ್ತು ಆಮೇಲೆ. ಯುನಿಕೋಡ್‌ನಲ್ಲಿ ಅದು ತಿರುಗಾಮುರುಗಾ. ಅಮ್ಮನ ಹಾಡಿನಲ್ಲಿ 86 ಹೀಗೆ ಒಂದೇ ಏಟಿಗೆ ದಾಟಿದವು.

ಉಳಿದ ಏಳು ದಾಟಲಿಲ್ಲ. ಅವನ್ನು ಟೈಪ್ ಮಾಡಿದ ದಿನ ಅಂಗಡಿಯಲ್ಲಿ ಬೇರೆ ಹುಡುಗಿ ಇದ್ದಿರಬೇಕು, ಅವಳು ಬಳಸಿದ್ದು ಬೇರೊಂದು ಕಂಪನಿಯ ಫಾಂಟು. ಒಂದೊಂದು ಕಂಪನಿಗೂ ಒಂದೊಂದು ಸಂಕೇತ ಇದ್ದ ಕಾಲ ಅದು. ನುಡಿಗೂ ಬರಹಕ್ಕೂ ಒಂದೇ ಸಂಕೇತ ಆದದ್ದು ಸರ್ಕಾರ ಒಂದು ಮಾನಕ ಗೊತ್ತು ಮಾಡಿದ ಮೇಲೆ. ಕೆಲವು ದುಬಾರಿ ತಂತ್ರಾಂಶಗಳಿಗೆ ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಲಾಕ್ ಬೇರೆ ಇರುತ್ತಿತ್ತು. ಆ ಫಾಂಟು ಡಿಸ್ಕಿನಲ್ಲಿ ಇರಲಿಲ್ಲ, ಲಾಕ್ ಯಾರ ಮನೆಯ ಗುಜರಿಗೆ ಹೋಯಿತೋ.

ನನ್ನ ತಕರಾರು ಇರುವುದು ಇಲ್ಲಿ. ನಮ್ಮ ಮನೆಯ ಹಾಡು ನಮ್ಮ ಹೊಣೆ, ಸರಿ. ಆದರೆ ಅದೇ ಡಿಸ್ಕಿನಲ್ಲಿ ಶಾಲೆಯ ಸ್ಮರಣ ಸಂಚಿಕೆ ಇತ್ತು, ದೇವಸ್ಥಾನದ ಲೆಕ್ಕವಿತ್ತು, ಅತಿಕ್ರಮಣ ಸಕ್ರಮಕ್ಕೆ ಕೊಟ್ಟ ಅರ್ಜಿಗಳ ನಕಲಿದ್ದವು. ಇಂಥ ಡಿಸ್ಕು ಶಿರಸಿಯಲ್ಲಿ ಮಾತ್ರ ಅಲ್ಲ, ಕರ್ನಾಟಕದ ಪ್ರತಿ ತಾಲೂಕು ಪೇಟೆಯ ಅಟ್ಟದಲ್ಲಿ ಇರಬೇಕು. ಮಾನಕ ಮಾಡಿ ಹಂಚುವಾಗ ಇದ್ದ ಸರ್ಕಾರ, ಅದರಿಂದ ಹೊರಗೆ ದಾಟಿಸುವಾಗಲೂ ಇರಬೇಕಿತ್ತು. ಎಲ್ಲ ಹಳೇ ಫಾಂಟುಗಳ ಸಂಕೇತಪಟ್ಟಿಯನ್ನು ಕಂಪನಿಗಳಿಂದ ಕೇಳಿ ತೆಗೆದುಕೊಂಡು ಬಹಿರಂಗವಾಗಿ ಇಡುವುದಕ್ಕೆ ಕೋಟಿಗಟ್ಟಲೆ ಬೇಡ. ಪತ್ತಿನ ಸಂಘಗಳ ಗಣಕೀಕರಣದಲ್ಲೂ ಬಾಕಿಯ ಜತೆ ಹಿಂದಿನ ವಹಿವಾಟನ್ನು ದಾಟಿಸಲು ಒಂದೆರಡು ದಿನದ ಕೆಲಸ ಸಾಕು ಎಂಬುದನ್ನು ಸಿದ್ದಾಪುರದ ಬದಿಯಲ್ಲಿ ಕಣ್ಣಾರೆ ನೋಡಿದ್ದೇನೆ. ಹಳೇ ಪ್ರೋಗ್ರಾಮನ್ನು ಹೊಸ ಯಂತ್ರದಲ್ಲಿ ಓಡಿಸುವ ಸರ್ಕಸ್ ಒಳಗಿದ್ದದ್ದನ್ನು ಹೊರತೆಗೆಯುವ ತನಕ ಮಾತ್ರ ಬೇಕು. ನಮ್ಮಲ್ಲಿ ಅದು ಓಡಿದ ಕೂಡಲೇ 'ಆತು, ಸರಿ ಆತು' ಅಂತ ಎದ್ದುಬಿಡುತ್ತೇವೆ. ಡಾಸ್‌ಬಾಕ್ಸ್ ಹಾಕಿಕೊಟ್ಟ ಹುಡುಗ ಎದ್ದುಹೋದ ಹಾಗೆ.

ನಿಮ್ಮ ಮನೆಯಲ್ಲಿ ಅಥವಾ ಸಂಘದಲ್ಲಿ ಇಂಥದ್ದಿದ್ದರೆ ಈ ಮಳೆಗಾಲದ ಮೊದಲೇ ಡಿಸ್ಕಿನ ನಕಲು ತೆಗೆಸಿ. ಫೈಲಿನ ಜತೆಗೆ ಅದರ ಫಾಂಟನ್ನೂ ಎತ್ತಿಟ್ಟುಕೊಳ್ಳಿ. ವಿಂಡೋಸ್‌ನಲ್ಲಿ ಫಾಂಟ್ಸ್ ಅನ್ನುವ ಫೋಲ್ಡರು ಇರುತ್ತದೆ, ಅದನ್ನು ಇಡಿಯಾಗಿ ಕಾಪಿ ಮಾಡಿದರೂ ಆಯಿತು. ತೆರೆದು ಕಂಡ ಕೂಡಲೇ ಒಂದು ಪಿಡಿಎಫ್ ಮಾಡಿ. ಅದು ಹುಡುಕಲು ಬಾರದಿದ್ದರೂ ಓದಲು ಬರುತ್ತದೆ.

ಆ ಏಳು ಹಾಡುಗಳ ಕಸವನ್ನು ಪ್ರಿಂಟ್ ಹಾಕಿಸಿಕೊಂಡು ಸೋದರತ್ತೆಯ ಮನೆಗೆ ಹೋದೆ. ಅತ್ತೆಗೆ ಎಂಬತ್ತೊಂದು. ಸಾಲುಗಳ ಉದ್ದ, ಎಲ್ಲಿ ಯಾವ ಚಿಹ್ನೆ ಮತ್ತೆ ಮತ್ತೆ ಬರುತ್ತದೆ ಅನ್ನುವುದನ್ನು ಹೇಳುತ್ತಾ ಹೋದೆ. ಪಲ್ಲವಿಯ ಜಾಗ ಅದರಿಂದ ಗೊತ್ತಾಗುತ್ತಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡು, 'ಇದು ಹಸೆಗೆ ಕರೆಯೋದು ಇಕ್ಕು' ಅಂತ ಹಾಡತೊಡಗಿದರು. ಒಂದು ಪೂರ್ತಿ ಸಿಕ್ಕಿದರೆ ಅದರ ಅಕ್ಷರಗಳಿಂದ ಆ ಫಾಂಟಿನ ಸಂಕೇತ ಸ್ವಲ್ಪ ಸ್ವಲ್ಪ ಬಿಡಿಸಲು ಬಂತು, ಅದರಿಂದ ಎರಡನೆಯದರ ಅರ್ಧ, ಅದನ್ನು ಕೇಳಿ ಅತ್ತೆಗೆ ಉಳಿದರ್ಧ ನೆನಪು. ಹೀಗೆ ಐದು ಹಾಡು ಸಿಕ್ಕಿದವು. ಆರನೆಯದರಲ್ಲಿ ನಾಲ್ಕು ಶಬ್ದ ಖಾಲಿ. ಏಳನೆಯದನ್ನು ಅತ್ತೆ ಯಾವತ್ತೂ ಕೇಳಿಲ್ಲವಂತೆ, 'ಇದು ನಿನ್ನ ಅಬ್ಬೆ ತವರುಮನೆ ಬದಿಯದ್ದು ಆಗಿಕ್ಕು' ಅಂದರು. ಅಬ್ಬೆಯ ತವರು ಯಲ್ಲಾಪುರದ ಬದಿಗೆ. ಮುಂದಿನ ವಾರ ಅಲ್ಲಿಗೆ ಹೋಗಬೇಕು.